ಚಳಿಗಾಲದಲ್ಲಿ ಕೃಷಿ ಹೊಂಡ: ತುಂಬಿದ ನೀರು ಎಲ್ಲಿ ಹೋಗುತ್ತೆ, ನಾವೇನು ಮಾಡಬೇಕು?

ಸ್ವಾತಿ, ವಿಶಾಖ ಮಳೆ ಮುಗಿಯೋ ಹೊತ್ತಿಗೆ ಹೊಂಡ ತುಂಬಿದ್ದರೆ ನಮಗೆಲ್ಲ ಒಂದು ನೆಮ್ಮದಿ. ಸ್ಟೇಟಸ್‌ಗೆ ಒಂದು ಫೋಟೊ ಹಾಕ್ತೀವಿ, ಪಂಪ್ ಬಿಚ್ಚಿ ಶೆಡ್ಡಿನಲ್ಲಿ ಇಡ್ತೀವಿ, "ಬೇಸಿಗೆಗೆ ಆಗುತ್ತೆ ಬಿಡು" ಅಂತ ರಾಗಿ ಕೊಯ್ಲಿನ ಕಡೆ ತಿರುಗ್ತೀವಿ. ಆಮೇಲೆ ಹೊಂಡ ನೆನಪಾಗೋದು ಶಿವರಾತ್ರಿ ಹತ್ತಿರ ಬಂದಾಗ. ಹೋಗಿ ನೋಡಿದರೆ ಎರಡು ಅಡಿ ನೀರು ಇಲ್ಲ. ಯಾರೂ ಮೋಟರ್ ಹಾಕಿಲ್ಲ, ಗಿಡಕ್ಕೆ ಒಂದು ಕೊಡ ಬಿಟ್ಟಿಲ್ಲ. ಆಗ ನನಗೆ ಫೋನ್ ಬರುತ್ತೆ: "ಅಣ್ಣ, ಶೀಟ್ ಹಾಕಿದ್ದೀವಿ, ಆದರೂ ನೀರು ಇಳಿದುಬಿಟ್ಟಿದೆ, ಶೀಟ್ ಡುಪ್ಲಿಕೇಟ್ ಇರಬೇಕಾ?"

ಶೀಟ್ ಸರಿಯಿಲ್ಲದೆ ಇರಬಹುದು. ಆದರೆ ಬಹಳ ಸಲ ಶೀಟಿನದು ತಪ್ಪಿರಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ನಾಲ್ಕು ತಿಂಗಳು ಹೊಂಡವನ್ನು ಯಾರೂ ನೋಡದೆ ಬಿಟ್ಟಿದ್ದಕ್ಕೆ ಹೀಗಾಗುತ್ತೆ. ನಾನಿರೋದು ಮಧುಗಿರಿ ಕಡೆ, ಪಕ್ಕಾ ಬಯಲುಸೀಮೆ. ಇಲ್ಲಿ ಹೇಳೋದೆಲ್ಲ ನಮ್ಮಂಥ ಒಣ ಪ್ರದೇಶದ, ಪ್ಲಾಸ್ಟಿಕ್ ಹಾಸಿದ ಹೊಂಡಗಳಿಗೆ. ಮಲೆನಾಡಿನವರ ಕಥೆ ಬೇರೆ.

ಚಳಿಯಲ್ಲೂ ನೀರು ಆವಿಯಾಗುತ್ತಾ?

ಆಗುತ್ತೆ, ಅದೂ ಕಣ್ಣಿಗೆ ಕಾಣೋ ಹಾಗೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಆರೂವರೆಗೆ ಹೊಂಡದ ಹತ್ತಿರ ಹೋಗಿ ನೋಡಿ, ನೀರಿನ ಮೇಲೆ ಹೊಗೆ ಆಡ್ತಾ ಇರುತ್ತೆ. ಹಗಲೆಲ್ಲ ಬಿಸಿಲು ಕುಡಿದ ನೀರು ರಾತ್ರಿ ಗಾಳಿಗಿಂತ ಬೆಚ್ಚಗಿರುತ್ತೆ. ಅದರಿಂದ ಎದ್ದ ಆವಿ ತಣ್ಣನೆ ಗಾಳಿಗೆ ಸಿಕ್ಕಿ ಹೊಗೆಯ ಹಾಗೆ ಕಾಣುತ್ತೆ. ನಿಮ್ಮ ಹೊಂಡದ ನೀರೇ ಅದು, ಹೊರಟು ಹೋಗ್ತಾ ಇರೋದು. ಜೊತೆಗೆ ಈ ಕಾಲದಲ್ಲಿ ಆಕಾಶ ಶುಭ್ರ, ಗಾಳಿ ಒಣ, ಮೂಡಗಾಳಿ ಬೇರೆ ಬೀಸುತ್ತೆ. ತುಟಿ ಒಡೆಸೋ ಗಾಳಿ ನೀರನ್ನು ಸುಮ್ಮನೆ ಬಿಡುತ್ತಾ?

ನಮ್ಮ ಬಯಲುಸೀಮೆಯಲ್ಲಿ ಚಳಿಗಾಲಕ್ಕೆ ದಿನಕ್ಕೆ 3ರಿಂದ 5 ಮಿಲಿಮೀಟರ್ ನೀರು ಹೀಗೆ ಹೋಗುತ್ತೆ. ಕೇಳಕ್ಕೆ ಏನೂ ಅಲ್ಲ ಅನ್ನಿಸುತ್ತೆ, ಆದರೆ ಲೆಕ್ಕ ಹಾಕಿ ನೋಡೋಣ. ಕೃಷಿ ಭಾಗ್ಯದಲ್ಲಿ ತುಂಬ ಜನ ಮಾಡಿಸಿರೋ ದೊಡ್ಡ ಅಳತೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ಇಳಿಜಾರು ಒಂದಕ್ಕೊಂದು, ಅಂದರೆ ಒಂದು ಅಡಿ ಆಳಕ್ಕೆ ಒಂದು ಅಡಿ ಒಳಕ್ಕೆ. ಮೇಲೆ ಒಂದು ಅಡಿ ಖಾಲಿ ಬಿಟ್ಟು ತುಂಬಿದರೆ ಅದರಲ್ಲಿ ಸುಮಾರು 8.5 ಲಕ್ಷ ಲೀಟರ್ ನೀರು. ಆಗ ನೀರಿನ ಬಾಯಿ 416 ಚದರ ಮೀಟರ್. ಒಂದು ಮಿ.ಮೀ. ಇಳಿದರೆ 416 ಲೀಟರ್ ಹೋಯ್ತು ಅಂತ. ದಿನಕ್ಕೆ 4 ಮಿ.ಮೀ. ಅಂತ ಹಿಡಿದರೆ 1,600 ಲೀಟರ್ ಮೇಲೆ. ಮೂರು ದಿನಕ್ಕೆ 5,000 ಲೀಟರಿನ ಒಂದು ಟ್ಯಾಂಕರ್!

ನವೆಂಬರ್‌ನಿಂದ ಫೆಬ್ರವರಿ ಮುಗಿಯೋವರೆಗೆ 120 ದಿನಕ್ಕೆ ಕೂಡಿದರೆ 1.9 ಲಕ್ಷ ಲೀಟರ್ ಆಗುತ್ತೆ. ಒಂದು ಎಕರೆಗೆ ಎರಡು ಇಂಚು ನೀರು ಹಾಯಿಸಕ್ಕೆ ಬೇಕಾಗೋದು ಸುಮಾರು 2 ಲಕ್ಷ ಲೀಟರ್. ಹೂವಿಗೆ ಬಂದ ತೊಗರಿಗೋ ಅವರೆಗೋ ಕೊಡಬಹುದಾಗಿದ್ದ ಒಂದು ಪೂರಾ ನೀರು ನಿಮ್ಮ ಕಣ್ಣೆದುರೇ ಗಾಳಿ ಪಾಲಾಯ್ತು.

"ಬೇಸಿಗೆಗೆ ಇರಲಿ" ಅನ್ನೋ ಲೆಕ್ಕ

ಇಲ್ಲಿ ನಾನು ಹೇಳೋದು ನಮ್ಮ ಹಿರಿಯರಿಗೆ ಹಿಡಿಸಲ್ಲ, ಗೊತ್ತು. ನೀರು ಅಂದರೆ ಕೂಡಿಡೋ ವಸ್ತು ಅನ್ನೋದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಬರ ನೋಡಿದವರು, ತಪ್ಪು ಅನ್ನಕ್ಕಾಗಲ್ಲ. ಆದರೆ ಬಾಯಿ ತೆರೆದ ಹೊಂಡ ಕಣಜ ಅಲ್ಲ.

ಡ್ರಿಪ್‌ನಲ್ಲಿ ಒಂದು ಎಕರೆ ತರಕಾರಿಗೆ, ಗಿಡ ಪೂರ್ತಿ ಹರಡಿದ ಮೇಲೆ, ಚಳಿಗಾಲದಲ್ಲಿ ದಿನಕ್ಕೆ ಹೆಚ್ಚುಕಡಿಮೆ 12ರಿಂದ 15 ಸಾವಿರ ಲೀಟರ್ ಬೇಕು. ಅದೇ ಬೆಳೆಗೆ ಏಪ್ರಿಲ್‌ನಲ್ಲಿ 25 ಸಾವಿರದ ಹತ್ತಿರ ಬೇಕು. ತುಂಬಿದ ಹೊಂಡವನ್ನು ನವೆಂಬರ್ ಕೊನೆಯಿಂದ ಬಳಸಿದರೆ, ಆವಿಯಾಗೋದು, ತಳದಲ್ಲಿ ಪಂಪಿಗೆ ಸಿಗದೆ ಉಳಿಯೋದು ಎಲ್ಲ ಕಳೆದೂ ಒಂದು ಎಕರೆಯನ್ನ ಸುಮಾರು 50 ದಿನ ನಡೆಸಬಹುದು. ಅದೇ ನೀರನ್ನು ಏಪ್ರಿಲ್‌ವರೆಗೆ ಮುಟ್ಟದೆ ಇಟ್ಟು ಆಮೇಲೆ ಶುರು ಮಾಡಿದರೆ 20 ದಿನಕ್ಕೆ ಮುಗೀತು. ಐವತ್ತು ದಿನ ಅಂದರೆ ಒಂದು ಬೀನ್ಸ್ ಬೆಳೆ ಕಾಯಿಗೆ ಬಂದಿರುತ್ತೆ. ಇಪ್ಪತ್ತು ದಿನಕ್ಕೆ ಕೊತ್ತಂಬರಿನೂ ಬರಲ್ಲ.

ಹಾಗಂತ ಪೂರ್ತಿ ಖಾಲಿ ಮಾಡಿ ಅಂತ ಹೇಳ್ತಾ ಇಲ್ಲ. ಹೊಸದಾಗಿ ಮಾವು, ಹುಣಸೆ, ನೇರಳೆ ಹಾಕಿರೋರಿಗೆ ಬೇಸಿಗೆ ದಾಟಿಸೋದೇ ಕಷ್ಟ. ನಮ್ಮ ಹೊಂಡವೂ ಮೇಲೆ ಹೇಳಿದ ಅಳತೆಯದೇ. ಶಿವರಾತ್ರಿ ಹೊತ್ತಿಗೆ ತಳದಲ್ಲಿ 4 ಅಡಿ ಉಳಿಸಿಕೊಳ್ತೀನಿ, ಅದು 3.2 ಲಕ್ಷ ಲೀಟರ್. ಮೇ ಕೊನೆಗೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಆವಿಯಾಗಿರುತ್ತೆ, ಹೋಗಲಿ. ನೂರು ಸಸಿಗೆ ತಲಾ 20 ಲೀಟರ್‌ನಂತೆ ವಾರಕ್ಕೆ ಎರಡು ಸಲ ಕೊಟ್ಟರೂ 12 ವಾರಕ್ಕೆ 48 ಸಾವಿರ ಲೀಟರ್ ಸಾಕು, ಆರಾಮಾಗಿ ಆಗುತ್ತೆ. ಆ 4 ಅಡಿ ಮತ್ತು ಚಳಿಗಾಲದ ಆವಿ ಬಿಟ್ಟು ಉಳಿದ 3.4 ಲಕ್ಷ ಲೀಟರಿನಲ್ಲಿ ಅರ್ಧ ಎಕರೆ ತರಕಾರಿ ಬೆಳೀತೀನಿ. ನಿಮ್ಮ ಹೊಂಡದ ಅಳತೆಗೆ ನಿಮ್ಮ ಲೆಕ್ಕ ಹಾಕಿಕೊಳ್ಳಿ. ಎಷ್ಟು ಈಗ, ಎಷ್ಟು ಆಮೇಲೆ ಅಂತ ದೀಪಾವಳಿ ಹೊತ್ತಿಗೇ ತೀರ್ಮಾನ ಆಗಿರಬೇಕು. ನೀರು ಇಳಿದ ಮೇಲೆ ತೀರ್ಮಾನ ಮಾಡಕ್ಕೆ ಏನೂ ಉಳಿದಿರಲ್ಲ.

ಎರಡು ಸಣ್ಣ ಹೊಂಡ ಇದ್ದು ಎರಡೂ ಅರ್ಧರ್ಧ ಇದ್ದರೆ ಒಂದರ ನೀರನ್ನು ಇನ್ನೊಂದಕ್ಕೆ ಎತ್ತಿ ಹಾಕಿ. 12×12×3 ಮೀಟರಿನ ಎರಡು ಹೊಂಡದಲ್ಲಿ ತಲಾ 1.5 ಮೀಟರ್ ನೀರಿದ್ದರೆ ಒಟ್ಟು ಬಾಯಿ 162 ಚದರ ಮೀಟರ್. ಒಂದರಲ್ಲೇ ತುಂಬಿದರೆ 116. ಆವಿಯಾಗೋದು ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆ ಆಯ್ತು, ಖರ್ಚು ಒಂದು ದಿನದ ಕರೆಂಟು. ಖಾಲಿ ಮಾಡಿದ ಹೊಂಡದಲ್ಲಿ ಒಂದು ಅಡಿ ನೀರು ಬಿಡಿ, ಇಲ್ಲದಿದ್ದರೆ ಗಾಳಿಗೆ ಶೀಟ್ ಎದ್ದು ಬಡಿದಾಡುತ್ತೆ.

ಆವಿಯಾ, ಸೋರಿಕೆಯಾ? ಬಕೆಟ್ ಹೇಳುತ್ತೆ

ಆವಿಯಾಗೋದನ್ನ ಪೂರ್ತಿ ತಡೆಯಕ್ಕೆ ಆಗಲ್ಲ, ಆದರೆ ಸೋರಿಕೆ ತಡೆಯಬಹುದು. ತಡೆಯಕ್ಕೆ ಮುಂಚೆ ಸೋರಿಕೆ ಇದೆಯಾ ಅಂತ ಗೊತ್ತಾಗಬೇಕು. ಇದಕ್ಕೆ ಚಳಿಗಾಲಕ್ಕಿಂತ ಒಳ್ಳೆ ಕಾಲ ಇಲ್ಲ, ಯಾಕಂದ್ರೆ ಮಳೆ ಅಡ್ಡ ಬರಲ್ಲ.

ಅಗಲ ಬಾಯಿಯ, ಗೋಡೆ ನೇರ ಇರೋ ಪ್ಲಾಸ್ಟಿಕ್ ಬಕೆಟ್ ತಗೊಳ್ಳಿ. ಮುಕ್ಕಾಲು ಭಾಗ ಹೊಂಡದ ನೀರನ್ನೇ ತುಂಬಿ. ಗಾಳಿ ತುಂಬಿದ ಹಳೇ ಟ್ರ್ಯಾಕ್ಟರ್ ಟ್ಯೂಬಿನ ನಡುವೆ ಕೂರಿಸಿ, ಎರಡು ಕಡೆಯಿಂದ ಹಗ್ಗ ಕಟ್ಟಿ ನೀರಿನ ಮೇಲೆ ತೇಲಿ ಬಿಡಿ. ದಡದಲ್ಲಿಟ್ಟರೆ ಪ್ರಯೋಜನ ಇಲ್ಲ, ಬಕೆಟ್ಟಿನ ನೀರು ಹೊಂಡದ ನೀರಿನಷ್ಟೇ ಬಿಸಿ, ಅಷ್ಟೇ ತಣ್ಣಗೆ ಇರಬೇಕು. ಬಕೆಟ್ಟಿನ ಒಳಗೆ ನೀರು ಎಲ್ಲಿದೆಯೋ ಅಲ್ಲಿ ಪರ್ಮನೆಂಟ್ ಮಾರ್ಕರ್‌ನಲ್ಲಿ ಗೆರೆ ಹಾಕಿ. ಹೊಂಡದ ಶೀಟಿನ ಮೇಲೂ ನೀರಿನ ಅಂಚಿಗೆ ಒಂದು ಗೆರೆ. ಏಳು ದಿನ ಪಂಪ್ ಹಾಕಬೇಡಿ.

ಏಳನೇ ದಿನ ಎರಡನ್ನೂ ಅಳೆಯಿರಿ. ಇಲ್ಲಿ ಒಂದು ವಿಷಯ ನೆನಪಿರಲಿ: ಶೀಟಿನ ಮೇಲೆ ನೀವು ಅಳೆಯೋದು ಇಳಿಜಾರಿನ ಉದ್ದ, ನೇರ ಆಳ ಅಲ್ಲ. ಒಂದಕ್ಕೊಂದು ಇಳಿಜಾರಿದ್ದರೆ ಬಂದ ಅಳತೆಯನ್ನು 1.4ರಿಂದ ಭಾಗಿಸಿ. ಇಳಿಜಾರು ಇನ್ನೂ ಚಪ್ಪಟೆ ಇದ್ದು, ಒಂದು ಅಡಿ ಆಳಕ್ಕೆ ಒಂದೂವರೆ ಅಡಿ ಒಳಕ್ಕೆ ಹೋಗಿದ್ದರೆ 1.8ರಿಂದ. ಇದನ್ನ ಮರೆತು ಅಳೆದರೆ ಸರಿಯಿರೋ ಹೊಂಡವೂ ಸೋರ್ತಾ ಇದೆ ಅಂತ ಕಾಣುತ್ತೆ.

ಹೋದ ವರ್ಷ ಪಕ್ಕದ ತೋಟದ ಅಣ್ಣನ ಹೊಂಡದಲ್ಲಿ ಹೀಗೆ ನೋಡಿದೆವು. ಬಕೆಟ್ಟಿನಲ್ಲಿ ವಾರಕ್ಕೆ 3 ಸೆಂ.ಮೀ. ಇಳಿದಿತ್ತು. ಶೀಟಿನ ಮೇಲೆ 8.5 ಸೆಂ.ಮೀ., ಅಂದರೆ ಆಳದಲ್ಲಿ 6. ಬಕೆಟ್ಟಿನ 3 ಆವಿ, ಉಳಿದ 3 ಸೋರಿಕೆ. ಅವರದೂ ದೊಡ್ಡ ಹೊಂಡ, ವಾರಕ್ಕೆ 12 ಸಾವಿರ ಲೀಟರ್ ನೆಲದ ಪಾಲು. "ಶೀಟ್ ಹಾಕಿ ಎರಡು ವರ್ಷ ಆಗಿಲ್ಲ ಕಣೋ" ಅಂತ ಅವರು ತಲೆ ಮೇಲೆ ಕೈ ಹೊತ್ತು ಕೂತರು. ಬಕೆಟ್ ಲೆಕ್ಕ ಕೂದಲೆಳೆ ನಿಖರ ಅಲ್ಲ, ವಾರಕ್ಕೆ ಎರಡು ಮೂರು ಮಿ.ಮೀ. ವ್ಯತ್ಯಾಸ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಸೆಂ.ಮೀ. ದಾಟಿದರೆ ತೂತು ಹುಡುಕಿ.

ಹುಡುಕೋದು ಎಲ್ಲಿ? ಮೊದಲು ಹೊಂಡದ ಹೊರಗೆ ಸುತ್ತು ಹಾಕಿ. ಜನವರಿಯಲ್ಲಿ ಏರಿಯ ಹೊರಮೈ ಹುಲ್ಲೆಲ್ಲ ಒಣಗಿ ಬಣ್ಣ ತಿರುಗಿರುತ್ತೆ. ಎಲ್ಲೋ ಒಂದು ಕಡೆ ಮಾತ್ರ ಹಸಿರು ಹುಲ್ಲು ನಿಂತಿದ್ದರೆ ಅದರ ಒಳಭಾಗದಲ್ಲಿ ನೋಡಿ. ಬೇಸಿಗೆ ಹಸಿರಿಗಿಂತ ಈ ಹಸಿರು ನಂಬಿಕಸ್ಥ. ಎರಡನೇ ಗುರುತು ನೀರೇ ಕೊಡುತ್ತೆ: ಬೇಗ ಬೇಗ ಇಳೀತಾ ಬಂದ ನೀರು ಒಂದು ಮಟ್ಟಕ್ಕೆ ಬಂದ ಮೇಲೆ ನಿಧಾನ ಆದರೆ, ತೂತು ಆ ಮಟ್ಟದಲ್ಲೋ ಅದರ ಸ್ವಲ್ಪ ಮೇಲೋ ಇದೆ ಅಂತ ಅರ್ಥ. ಆ ಗೆರೆಯುದ್ದಕ್ಕೂ ಒಂದು ಸುತ್ತು ಕೈಯಾಡಿಸಿ. ಮೂಲೆಗಳು, ಮಡಿಕೆ ಬಿದ್ದ ಜಾಗ, ನೀರು ಒಳಗೆ ಬರೋ ಪೈಪಿನ ಸುತ್ತ, ಇವು ಮೂರು ಮೊದಲ ಅನುಮಾನ. ಅಣ್ಣನ ಹೊಂಡದಲ್ಲಿ ಪೈಪಿನ ಪಕ್ಕ ಇಲಿ ಬಿಲ ತೋಡಿ ಕೆಳಗಿನಿಂದ ಶೀಟ್ ಕಡಿದಿತ್ತು.

ತೇಪೆ ಹಾಕೋದು

ಎಚ್‌ಡಿಪಿಇ ಶೀಟಿಗೆ ಅಂಗಡಿಯ ಮಾಮೂಲಿ ಗಮ್ ಹಿಡಿಯಲ್ಲ. ಆ ಪ್ಲಾಸ್ಟಿಕ್ಕಿನ ಮೈಯೇ ಹಾಗೆ, ಯಾವ ಅಂಟನ್ನೂ ಹತ್ತಿರ ಸೇರಿಸಲ್ಲ. ಸೈಕಲ್ ಪಂಕ್ಚರ್ ಸೊಲ್ಯೂಷನ್ ಹಚ್ಚಿ ಎರಡು ವಾರಕ್ಕೆ ಬಿಟ್ಟುಕೊಂಡಿರೋದನ್ನ ಎಷ್ಟೋ ಕಡೆ ನೋಡಿದ್ದೀನಿ. ಸರಿಯಾದ ದಾರಿ ಅಂದರೆ ಅದೇ ಜಾತಿಯ ಶೀಟಿನ ತುಂಡು, ತೂತಿನ ಸುತ್ತ ಎಲ್ಲ ಕಡೆ ಕನಿಷ್ಠ ಅರ್ಧ ಅಡಿ ದೊಡ್ಡದಾಗಿ ಕತ್ತರಿಸಿ, ಹಾಟ್ ಏರ್ ಗನ್‌ನಲ್ಲಿ ಕಾಯಿಸಿ ರೋಲರ್ ಒತ್ತಿ ಬೆಸೆಯೋದು. ಶೀಟ್ ಹಾಕಿದವರ ಹತ್ತಿರ ಈ ಗನ್ ಇರುತ್ತೆ. ಹೊಂಡ ಮಾಡಿಸುವಾಗಲೇ ಒಂದೆರಡು ಮೀಟರ್ ತುಂಡನ್ನು ಅವರಿಂದ ಕೇಳಿ ಇಸ್ಕೊಂಡು ನೆರಳಲ್ಲಿ ಸುತ್ತಿಡಿ. ಹೊಸದಾಗಿ ಶೀಟ್ ಕೊಳ್ಳೋರು 500 ಮೈಕ್ರಾನ್, ಐಎಸ್ 15351 ಗುರುತು ಇದೆಯಾ ಅಂತ ಶೀಟಿನ ಮೇಲೇ ನೋಡಿ. ಬಿಲ್ಲಿನಲ್ಲಿ ಬರೆದಿದ್ದರೆ ಸಾಲದು.

ತೇಪೆ ಹಾಕೋ ಜಾಗ ಪೂರ್ತಿ ಒಣಗಿರಬೇಕು. ಈ ಕಾಲದಲ್ಲಿ ಇಬ್ಬನಿ ಹತ್ತು ಗಂಟೆವರೆಗೂ ಶೀಟಿನ ಮೇಲೆ ಕೂತಿರುತ್ತೆ. ಅದಕ್ಕೇ ಹನ್ನೊಂದರ ಮೇಲೆ ಶುರು ಮಾಡಿ, ಪಾಚಿ ಉಜ್ಜಿ ತೆಗೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಬಿಟ್ಟು ಆಮೇಲೆ ಗನ್ ಹಿಡಿಯಿರಿ.

ನೀರು ಇಳಿದಂತೆ ಹೊರಗೆ ಕಾಣೋ ಶೀಟಿನ ಮೇಲೂ ಒಂದು ಕಣ್ಣಿರಲಿ. ನೀರಿನೊಳಗಿನ ಶೀಟಿಗೆ ಬಿಸಿಲಿನ ಕಾಟ ಕಡಿಮೆ, ಹೊರಗಿನದು ಬಿಸಿಲಿಗೆ ಬೆಂದು ಮಡಿಕೆಗಳಲ್ಲಿ ಒಡೆಯುತ್ತೆ. ಮಳೆಗಾಲದಲ್ಲಿ ಏರಿ ಮೇಲಿನ ಕಾಲುವೆಯ ಮಣ್ಣು ಕೊಚ್ಚಿ ಹೋಗಿ ಶೀಟಿನ ಅಂಚು ಬಿಟ್ಟುಕೊಂಡಿದ್ದರೆ, ಮೂಡಗಾಳಿ ಅದರೊಳಗೆ ನುಗ್ಗಿ ಇಡೀ ಶೀಟನ್ನ ಹಾಯಿಯ ಹಾಗೆ ಎತ್ತುತ್ತೆ. ಅಂಚನ್ನು ಮತ್ತೆ ಒಂದೂವರೆ ಅಡಿ ಕಾಲುವೆಯಲ್ಲಿ ಹೂತು, ಹಸಿ ಮಣ್ಣು ಹಾಕಿ ತುಳಿದು ಬಿಗಿ ಮಾಡಿ. ಶೀಟಿನ ಮೇಲೆ ಕಲ್ಲು ಹೇರೋದು ಬೇಡ. ಮರಳು ತುಂಬಿದ ಚೀಲ ಹಗ್ಗದಲ್ಲಿ ಇಳಿಬಿಟ್ಟರೆ ಸಾಕು.

ಇನ್ನು ದನ, ನಾಯಿ. ಸಂಕ್ರಾಂತಿ ಹೊತ್ತಿಗೆ ಊರ ಸುತ್ತಿನ ಕುಂಟೆಗಳು ಬತ್ತುತ್ತಾ ಬರುತ್ತವೆ, ಅವಕ್ಕೂ ನೀರು ಬೇಕಲ್ಲ. ಒಳಗೆ ಇಳಿದರೆ ಗೊರಸು, ಉಗುರು ಶೀಟ್ ಹರಿಯುತ್ತೆ, ಹತ್ತಕ್ಕಾಗದೆ ಪ್ರಾಣನೂ ಹೋಗುತ್ತೆ. ಬೇಲಿಯ ಹೊರಗೆ ಒಂದು ಸಿಮೆಂಟ್ ಬಾನಿ ಇಟ್ಟು ದಿನಾ ನೀರು ತುಂಬಿಸಿ. ನಾನು ಕಂಡಂತೆ ಬೇಲಿಗಿಂತ ಬಾನಿಯೇ ಹೆಚ್ಚು ಕೆಲಸ ಮಾಡುತ್ತೆ.

ಪಾಚಿ ಮತ್ತು ಡ್ರಿಪ್

ಮಳೆ ನೀರು ತಂದ ಹೂಳು ತಳಕ್ಕೆ ಇಳಿದು ನೀರು ತಿಳಿಯಾದ ಮೇಲೆ ಬಿಸಿಲು ಒಳಗಿಳಿಯುತ್ತೆ, ಪಾಚಿ ಶುರುವಾಗುತ್ತೆ. ಪಾಚಿಗೆ ಊಟ ಹಾಕೋರು ನಾವೇ: ತಿಪ್ಪೆ ಕಡೆಯಿಂದ, ಕೊಟ್ಟಿಗೆ ಕಡೆಯಿಂದ ಹರಿದು ಬರೋ ನೀರು. ಆ ದಾರಿಯನ್ನು ತಿರುಗಿಸದೆ ಏನು ಮಾಡಿದರೂ ಪಾಚಿ ವಾಪಸ್ ಬರುತ್ತೆ. ಜೀವಾಮೃತವನ್ನು ಹೊಂಡಕ್ಕೇ ಸುರಿದರೆ ಡ್ರಿಪ್‌ನಲ್ಲಿ ಸುಲಭವಾಗಿ ಹೋಗುತ್ತಲ್ಲ ಅಂತ ಕೇಳೋರಿದ್ದಾರೆ. ದಯವಿಟ್ಟು ಬೇಡ. ಅದನ್ನ ಬೇರೆ ಡ್ರಮ್ಮಿನಲ್ಲಿ ಸೋಸಿ ಕೊಡಿ.

ಮೈಲುತುತ್ತ ಹಾಕಿದರೆ ಪಾಚಿ ಸಾಯೋದು ನಿಜ. ಆದರೆ ನಾನು ಹಾಕಲ್ಲ. ಒಂದೇ ಸಲ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದು ಮೀನನ್ನ ಕೊಲ್ಲುತ್ತೆ, ತಾಮ್ರ ನೇರವಾಗಿಯೂ ಕೊಲ್ಲುತ್ತೆ, ಉಳಿದದ್ದು ಮಣ್ಣಿಗೆ ಹೋಗಿ ಕೂರುತ್ತೆ. ದಾರದಂಥ ಪಾಚಿಯನ್ನ ಹಳೇ ಸೊಳ್ಳೆಪರದೆ ಕಟ್ಟಿದ ಉದ್ದ ಕೋಲಿನಲ್ಲಿ ದಡದಿಂದಲೇ ಎಳೆದು ಹಾಕ್ತೀವಿ, ಅದು ಒಳ್ಳೆ ಗೊಬ್ಬರ. ಹಸಿರು ಬಣ್ಣಕ್ಕೆ ತಿರುಗಿದ ನೀರನ್ನ ಹಾಗೆ ತೆಗೆಯಕ್ಕಾಗಲ್ಲ, ಅದಕ್ಕೆ ಫಿಲ್ಟರೇ ಗತಿ.

ಸಕ್ಷನ್ ಪೈಪಿನ ಫುಟ್‌ವಾಲ್ವ್ ತಳಕ್ಕೆ ಬಿಟ್ಟರೆ ಕೆಸರು ಎಳೆಯುತ್ತೆ, ಮೇಲೇ ಇಟ್ಟರೆ ಪಾಚಿ. ಮುಚ್ಚಳ ಭದ್ರ ಇರೋ ಖಾಲಿ 20 ಲೀಟರ್ ಕ್ಯಾನಿಗೆ ಎರಡು ಅಡಿ ಹಗ್ಗ ಕಟ್ಟಿ ಅದರಿಂದ ಫುಟ್‌ವಾಲ್ವ್ ಇಳಿಬಿಡಿ. ನೀರು ಇಳಿದರೆ ಕ್ಯಾನೂ ಇಳಿಯುತ್ತೆ, ಪೈಪಿನ ಬಾಯಿ ಯಾವಾಗಲೂ ಎರಡು ಅಡಿ ಕೆಳಗೇ ಇರುತ್ತೆ. ಹೊಂಡದ ನೀರಿಗೆ ಬರೀ ಸ್ಕ್ರೀನ್ ಫಿಲ್ಟರ್ ಸಾಲಲ್ಲ, ಪಾಚಿ ಅದರ ಜಾಲರಿಯನ್ನ ಬೇಗ ಮುಚ್ಚಿಬಿಡುತ್ತೆ. ಮುಂದೆ ಒಂದು ಸ್ಯಾಂಡ್ ಫಿಲ್ಟರ್, ಅದರ ಹಿಂದೆ ಸ್ಕ್ರೀನ್ ಅಥವಾ ಡಿಸ್ಕ್ ಇರಲಿ. ಫಿಲ್ಟರ್‌ನ ಎರಡು ಕಡೆಯ ಪ್ರೆಷರ್ ಗೇಜಿನಲ್ಲಿ ಅರ್ಧ ಕೆ.ಜಿ. ವ್ಯತ್ಯಾಸ ಕಂಡರೆ ಬ್ಯಾಕ್‌ವಾಷ್ ಮಾಡಿ. ಲ್ಯಾಟರಲ್‌ಗಳ ಎಂಡ್ ಕ್ಯಾಪ್ ವಾರಕ್ಕೊಮ್ಮೆ ಬಿಚ್ಚಿ, ತಿಳಿ ನೀರು ಬರೋವರೆಗೆ ಬಿಡಿ.

ಮೇಲೆ ಏನಾದರೂ ಮುಚ್ಚಬಹುದಾ ಅಂತ ಕೇಳ್ತೀರಿ. 12 ಮೀಟರಿನ ಹೊಂಡಕ್ಕೆ ತಂತಿ ಎಳೆದು ಶೇಡ್ ನೆಟ್ ಹಾಕಬಹುದು, ಆವಿಯೂ ಪಾಚಿಯೂ ಎರಡೂ ಕಡಿಮೆ ಆಗುತ್ತೆ. 21 ಮೀಟರಿಗೆ ನಡುವೆ ಕಂಬ ಇಲ್ಲದೆ ನಿಲ್ಲಲ್ಲ, ಗಾಳಿಗೆ ಹರಿದುಹೋಗುತ್ತೆ. ದೊಡ್ಡ ಹೊಂಡಕ್ಕೆ ಗಾಳಿ ತಡೆಯೋದೇ ಮೇಲು. ಮೂಡಲ ಮತ್ತು ಈಶಾನ್ಯ ದಿಕ್ಕಿಗೆ, ಏರಿಯಿಂದ 15-20 ಅಡಿ ದೂರಕ್ಕೆ ಅಗಸೆ ಅಥವಾ ನೇಪಿಯರ್ ಹುಲ್ಲಿನ ಸಾಲು ಹಾಕಿ. ಏರಿ ಮೇಲೆ ಮರ ಬೇಡ, ಬೇರು ಶೀಟಿಗೆ ಬರುತ್ತೆ, ಎಲೆ ನೀರಿಗೆ ಬೀಳುತ್ತೆ. ಅಂತರಗಂಗೆ ಬಿಟ್ಟರೆ ನೀರು ಮುಚ್ಚುತ್ತೆ ಅನ್ನೋ ಸಲಹೆಯೂ ಓಡಾಡ್ತಾ ಇದೆ. ಅಂಥ ಕಳೆ ಎಲೆಗಳಿಂದ ತಾನೇ ನೀರು ಬಿಡುತ್ತೆ, ಬರೀ ನೀರಿಗಿಂತ ಹೆಚ್ಚು ಖರ್ಚಾಗುತ್ತೆ. ಒಂದು ಸಲ ಬಂದರೆ ಹೋಗೋದೂ ಇಲ್ಲ.

ಹೂಳಿನ ತೊಟ್ಟಿ ತೆಗೆಯೋದಿದ್ದರೆ ಡಿಸೆಂಬರ್‌ನಲ್ಲೇ ತೆಗೆಯಿರಿ. ಈಗ ಮಣ್ಣು ಮೆತ್ತಗೆ ಸಲಿಕೆಗೆ ಬರುತ್ತೆ, ಮಾರ್ಚ್‌ಗೆ ಹಾರೆ ಬೇಕು. ತೆಗೆದದ್ದು ಹೊಲಕ್ಕೆ ಹಾಕಿ. ಹೊಂಡದೊಳಗಿನ ಹೂಳಿಗೆ ಮಾತ್ರ ಸಲಿಕೆ, ಗುದ್ದಲಿ ಮುಟ್ಟಿಸಬೇಡಿ.

ಹಗ್ಗ

ಪ್ಲಾಸ್ಟಿಕ್ ಹೊಂಡಕ್ಕೆ ಬಿದ್ದು ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದ್ತೀವಿ. ಈಜು ಬಂದವರೂ ಅದರಲ್ಲಿದ್ದಾರೆ, ಕಾಪಾಡಕ್ಕೆ ಅಂತ ಹಾರಿದವರೂ ಇದ್ದಾರೆ. ಕಾರಣ ಸರಳ. ಬಾವಿಗೆ ಮೆಟ್ಟಿಲಿರುತ್ತೆ, ಕೆರೆಗೆ ದಡ ಇರುತ್ತೆ, ಇಲ್ಲಿ ಕೈಗೆ ಸಿಗೋದು ಬರೀ ಜಾರುವ ಶೀಟ್. ಚಳಿಗಾಲದಲ್ಲಿ ಇದು ಇನ್ನೂ ಕೆಟ್ಟದು. ನೀರು ಇಳಿದು ಹೊರಗೆ ಕಂಡ ಶೀಟಿನ ಮೇಲೆ ಪಾಚಿಯ ಪದರ ಇರುತ್ತೆ, ಬೆಳಿಗ್ಗೆ ಅದರ ಮೇಲೆ ಇಬ್ಬನಿ. ಹೊಂಡ ತುಂಬಿದ್ದಾಗ ಕೈ ಚಾಚಿದರೆ ಏರಿ ಸಿಗುತ್ತಿತ್ತು, ಈಗ ಅದು ಆರು ಅಡಿ ಮೇಲಿದೆ.

ಅದಕ್ಕೇ ನಾಲ್ಕೂ ಕಡೆ ಹಗ್ಗ ಇರಲೇಬೇಕು. ಹೆಬ್ಬೆರಳು ದಪ್ಪದ ನೈಲಾನ್ ಹಗ್ಗ, ಒಂದೂವರೆ ಅಡಿಗೆ ಒಂದು ಗಂಟು. ಏರಿಯಾಚೆ ನೆಟ್ಟ ಕಲ್ಲುಕಂಬಕ್ಕೆ ಕಟ್ಟಿ ಇನ್ನೊಂದು ತುದಿ ಹೊಂಡದ ತಳಕ್ಕೆ ಮುಟ್ಟೋ ಹಾಗೆ ಬಿಡಿ. ತುಂಬಿದಾಗಿನ ನೀರಿನ ಮಟ್ಟಕ್ಕೆ ಮಾತ್ರ ಬಿಟ್ಟ ಹಗ್ಗ ಜನವರಿಯಲ್ಲಿ ಗಾಳಿಯಲ್ಲಿ ನೇತಾಡ್ತಾ ಇರುತ್ತೆ. ಒಂದು ಕಡೆಗೆ ಹಳೇ ಟೈರುಗಳನ್ನ ಒಂದಕ್ಕೊಂದು ಕಟ್ಟಿ ಏಣಿಯ ಹಾಗೆ ಇಳಿಬಿಟ್ಟರೆ ಇನ್ನೂ ಒಳ್ಳೇದು, ಹಳೇ ಟೈರಿನ ತಂತಿ ಹೊರಗೆ ಬಂದಿರಬಾರದು ಅಷ್ಟೇ. ಬಕೆಟ್ ಪರೀಕ್ಷೆಗೆ ಬಳಸಿದ ಟ್ಯೂಬನ್ನ ಗಾಳಿ ತೆಗೆಯದೆ ಹೊಂಡದ ಪಕ್ಕದಲ್ಲೇ ಹಗ್ಗ ಕಟ್ಟಿ ಇಡಿ. ಯಾರಾದರೂ ಬಿದ್ದರೆ ನೀವು ಹಾರಬೇಡಿ, ಟ್ಯೂಬ್ ಎಸೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ. ಪಾಚಿ ತೆಗೆಯಕ್ಕೋ ಫುಟ್‌ವಾಲ್ವ್ ಸರಿ ಮಾಡಕ್ಕೋ ಹೋಗುವಾಗ ಏರಿ ಮೇಲೆ ಇನ್ನೊಬ್ಬರು ನಿಂತಿರಬೇಕು. ಮನೆ ಮಕ್ಕಳಿಗೂ, ಕೂಲಿಗೆ ಬರೋರ ಮಕ್ಕಳಿಗೂ ಅಲ್ಲಿಗೆ ಹೋಗಬೇಡಿ ಅಂದರೆ ಸಾಲದು, ಹೋಗಕ್ಕೆ ಆಗದ ಹಾಗೆ ಬೇಲಿ ಇರಬೇಕು. ಈಗಿನ ಕೃಷಿ ಭಾಗ್ಯದಲ್ಲಿ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನ ಇದೆ. ನಿಮ್ಮ ಹೋಬಳಿ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಹಳೇ ಹೊಂಡಕ್ಕೂ ಸಿಗುತ್ತಾ ಅಂತ ಬಾಯಿಬಿಟ್ಟು ಕೇಳಿ.

ಪ್ರತಿ ಭಾನುವಾರ ಬೆಳಿಗ್ಗೆ ಒಂದೇ ಜಾಗದಲ್ಲಿ ನಿಂತು ಶೀಟಿನ ಮೇಲಿನ ಗೆರೆಯ ಫೋಟೊ ತೆಗೆಯಿರಿ. ತಾರೀಕು ಫೋನೇ ಬರೆದುಕೊಳ್ಳುತ್ತೆ. ಅದೇ ಹೊತ್ತಿಗೆ ನಾಲ್ಕೂ ಹಗ್ಗವನ್ನ ಏರಿಯ ಹೊರಗೆ ನಿಂತು ಮೈಭಾರ ಬಿಟ್ಟು ಒಂದೊಂದು ಸಲ ಎಳೆದು ನೋಡಿ. ಬಿಸಿಲಿಗೆ ನೈಲಾನ್ ಎಳೆ ಪುಡಿಪುಡಿ ಉದುರ್ತಾ ಇದ್ದರೆ ಆ ದಿನವೇ ಬದಲಾಯಿಸಿ.